ಹಳೆಯ ಬಲಶಾಲಿ ಸೆಡಾನ್ ಕೊಳ್ಳುವಾಗ ಪೆಟ್ರೋಲೋ ಡೀಸೆಲೋ: ದಾವಣಗೆರೆಯ ಓಡಾಟಕ್ಕೆ ತಕ್ಕ ಆಯ್ಕೆ

ದಾವಣಗೆರೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಿದ್ದೇನೆ ಎಂದು ಯಾರಿಗೇ ಹೇಳಿದರೂ ಮೊದಲು ಸಿಗುವ ಸಲಹೆ "ಡೀಸೆಲ್ ತಗಳ್ರಿ, ಮೈಲೇಜ್ ಬರುತ್ತೆ" ಎಂಬುದೇ. ದಿನವಿಡೀ ಬಾಡಿಗೆಗೆ ಓಡುವ ಗಾಡಿಗೆ, ಊರೂರು ತಿರುಗುವ ವ್ಯಾಪಾರಿಯ ಗಾಡಿಗೆ ಆ ಮಾತು ಸರಿ. ಆದರೆ ಸ್ಕೋಡಾ ಆಕ್ಟೇವಿಯಾ, ಸೂಪರ್ಬ್, ಫೋಕ್ಸ್‌ವ್ಯಾಗನ್ ಜೆಟ್ಟಾ, ಆಡಿ ಎ4, ಬಿ.ಎಂ.ಡಬ್ಲ್ಯು. 3 ಸೀರೀಸ್ ಮುಂತಾದ, ಓಡಿಸುವ ಸುಖಕ್ಕಾಗಿಯೇ ಕೊಳ್ಳುವ ಬಲಶಾಲಿ ಸೆಡಾನ್‌ಗಳ ವಿಷಯದಲ್ಲಿ ಅದನ್ನೇ ನಂಬಿ ಹಣ ಕೊಟ್ಟರೆ ಪೆಟ್ಟು ಬೀಳುವುದುಂಟು. ಒಂದು ಪೆಟ್ರೋಲ್, ಒಂದು ಡೀಸೆಲ್ ಹೀಗೆ ಎರಡನ್ನೂ ಇದೇ ಊರಿನಲ್ಲಿ ಇಟ್ಟುಕೊಂಡು ಓಡಿಸಿದ ಮೇಲೆ ನನಗೆ ಸ್ಪಷ್ಟವಾದದ್ದು ಇಷ್ಟು: ಇಂಜಿನ್ ದಿನಕ್ಕೆ ಎಷ್ಟು ಹೊತ್ತು ಪೂರ್ತಿ ಬಿಸಿಯಾಗಿ ಓಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಆಯ್ಕೆಯ ಮುಕ್ಕಾಲು ಭಾಗ ಮುಗಿದಂತೆ. ದರ, ಮಾಡೆಲ್, ಬಣ್ಣ ಎಲ್ಲವೂ ಆಮೇಲಿನ ಮಾತು.

ಹೆಜ್ಜೆ 1: ಎರಡು ವಾರದ ಓಡಾಟವನ್ನು ಬರೆದಿಡಿ

ಕಾರು ನೋಡಲು ಹೋಗುವುದಕ್ಕೆ ಮೊದಲು ಒಂದು ಸಣ್ಣ ಪುಸ್ತಕದಲ್ಲಿ ಎರಡು ವಾರದ ಓಡಾಟವನ್ನು ಬರೆಯಿರಿ. ಎಷ್ಟು ಗಂಟೆಗೆ ಹೊರಟಿರಿ, ಎಲ್ಲಿಗೆ, ಎಷ್ಟು ಕಿಲೋಮೀಟರ್, ಹೊರಡುವಾಗ ಇಂಜಿನ್ ತಣ್ಣಗಿತ್ತೇ ಎಂಬ ನಾಲ್ಕೇ ಕಲಂ ಸಾಕು. ಈಗ ಸ್ಕೂಟರ್ ಇದ್ದರೂ ಚಿಂತೆಯಿಲ್ಲ, ಕಾರು ಬಂದ ಮೇಲೂ ದಾರಿ ಅದೇ ಇರುತ್ತದೆ. ನೆನಪಿನಿಂದ ಹೇಳುವ ಲೆಕ್ಕವನ್ನು ನಂಬಬೇಡಿ. ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿಬಂದದ್ದು ಮನಸ್ಸಿನಲ್ಲಿ ದೊಡ್ಡದಾಗಿ ಉಳಿಯುತ್ತದೆ, ದಿನಕ್ಕೆ ನಾಲ್ಕು ಬಾರಿ ಅಂಗಡಿಗೆ ಹೋಗಿಬಂದದ್ದು ಲೆಕ್ಕಕ್ಕೇ ಬರುವುದಿಲ್ಲ.

ನಮ್ಮ ಊರಿನಲ್ಲಿ ಎರಡು ಬಗೆಯ ಬಳಕೆದಾರರಿದ್ದಾರೆ. ಎಂ.ಸಿ.ಸಿ. 'ಬಿ' ಬ್ಲಾಕ್‌ನಿಂದ ಮಂಡಿಪೇಟೆಗೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಊಟಕ್ಕೆ ಮನೆಗೆ, ಮತ್ತೆ ಅಂಗಡಿಗೆ, ರಾತ್ರಿ ವಾಪಸ್ಸು, ನಡುವೆ ಅಶೋಕ ರಸ್ತೆಯ ಗದ್ದಲದಲ್ಲಿ ಇಂಜಿನ್ ಚಾಲೂ ಇಟ್ಟು ಕಾಯುವುದು, ಇದು ಒಂದು ಬಗೆ. ದಾವಣಗೆರೆಯಿಂದ ಸುಮಾರು 60 ಕಿಲೋಮೀಟರ್ ದೂರದ ಚಿತ್ರದುರ್ಗಕ್ಕೆ ದಿನವೂ ಕೆಲಸಕ್ಕೆ ಹೋಗಿಬರುವುದು, ಅಥವಾ ವಾರಕ್ಕೊಮ್ಮೆ 260 ಕಿಲೋಮೀಟರ್ ಆಚೆಯ ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಒಂದೇ ಸಮನೆ ಓಡಿಸುವುದು ಇನ್ನೊಂದು. ಇವೆರಡೂ ಒಂದೇ ಇಂಜಿನ್‌ಗೆ ಒಗ್ಗುವುದಿಲ್ಲ.

ಕಾರಣ ಹೀಗಿದೆ. ಡೀಸೆಲ್ ಇಂಜಿನ್ ಇಂಧನದ ಶಕ್ತಿಯನ್ನು ಹೆಚ್ಚು ದಕ್ಷವಾಗಿ ಬಳಸಿಕೊಳ್ಳುವುದರಿಂದ ವ್ಯರ್ಥವಾಗುವ ಶಾಖ ಕಡಿಮೆ, ಹಾಗಾಗಿ ಅದು ಬಿಸಿಯಾಗುವುದೂ ನಿಧಾನ. ಮೀಟರಿನಲ್ಲಿ ಕೂಲೆಂಟ್ ಮುಳ್ಳು ಮಧ್ಯಕ್ಕೆ ಬಂದರೂ ಇಂಜಿನ್ ಆಯಿಲ್ ಇನ್ನೂ ಬಿಸಿಯಾಗಿರುವುದಿಲ್ಲ. ಆ ಸ್ಥಿತಿಯಲ್ಲಿ ಮೂರು ಕಿಲೋಮೀಟರ್ ಓಡಿಸಿ ಆರಿಸಿದರೆ ಮಸಿ, ಹೊಗೆಯ ಒಂದು ಪಾಲನ್ನು ಇಂಜಿನ್‌ಗೆ ಮರಳಿಸುವ ಇ.ಜಿ.ಆರ್. ವಾಲ್ವ್‌ನಲ್ಲೂ ಇನ್‌ಟೇಕ್ ಪೈಪ್‌ನಲ್ಲೂ ಕಟ್ಟಿಕೊಳ್ಳುತ್ತದೆ. ಹೊಗೆಯ ಮಿತಿಗೆ ಸರ್ಕಾರ ತಂದ ಬಿ.ಎಸ್. 6 ಮಾನದಂಡದ ಡೀಸೆಲ್ ಆದರೆ ಸೈಲೆನ್ಸರ್ ಸಾಲಿನಲ್ಲಿರುವ ಡಿ.ಪಿ.ಎಫ್. ಎಂಬ ಮಸಿ ಸೋಸುವ ಫಿಲ್ಟರ್ ತುಂಬುತ್ತಾ ಹೋಗುತ್ತದೆ. ತುಂಬಿದ ಮಸಿಯನ್ನು ಅದು ಸುಮಾರು 550ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಖಾಲಿ ಮಾಡಿಕೊಳ್ಳಬೇಕು, ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ತಡೆಯಿಲ್ಲದ ಓಟ ಬೇಕು. ಊರೊಳಗೆ ಆ ಅವಕಾಶವೇ ಇಲ್ಲ.

ಈ ಪಾಠವನ್ನು ನಾನು ಹಣ ಕಟ್ಟಿಯೇ ಕಲಿತವನು. ಬಿ.ಎಸ್. 6 ಡೀಸೆಲ್ ಸೆಡಾನ್ ಒಂದನ್ನು ಕೊಂಡು ಆರೇಳು ತಿಂಗಳು ಬರೀ ಊರೊಳಗಿನ ಓಡಾಟಕ್ಕೆ ಬಳಸಿದೆ. ಫಿಲ್ಟರ್ ದೀಪ ಎರಡು ಬಾರಿ ಹತ್ತಿ ತಾನಾಗಿ ಆರಿತ್ತು, ನಾನು ಗಮನ ಕೊಡಲಿಲ್ಲ. ಒಂದು ಬೆಳಿಗ್ಗೆ ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು ನೋಡಿದಾಗ ಆಯಿಲ್ ಕಡಿಮೆಯಾಗುವ ಬದಲು ಮೇಲಿನ ಗುರುತನ್ನು ದಾಟಿ ಬೆರಳಿನಗಲ ಮೇಲಿತ್ತು. ಬೆರಳಿಗೆ ತಾಗಿಸಿ ಉಜ್ಜಿದರೆ ಜಿಡ್ಡಿನ ಮಂದವೇ ಇಲ್ಲ, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ಫಿಲ್ಟರ್ ಸುಡಲೆಂದು ಇಂಜಿನ್ ಹೆಚ್ಚುವರಿಯಾಗಿ ಸಿಂಪಡಿಸಿದ ಡೀಸೆಲ್, ಪ್ರತಿ ಬಾರಿಯೂ ನಡುವೆಯೇ ಗಾಡಿ ಆರಿಸಿದ್ದರಿಂದ ಸಿಲಿಂಡರಿನ ಗೋಡೆಗುಂಟ ಇಳಿದು ಆಯಿಲ್ ಸೇರಿತ್ತು. ತೆಳುವಾದ ಆಯಿಲ್‌ನಲ್ಲಿ ಓಡಿದ ಟರ್ಬೊ (ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಬೇರಿಂಗ್‌ನ ಗತಿ ಹೇಳಬೇಕಾಗಿಲ್ಲ. ಗಾಡಿಯಲ್ಲಿ ತಪ್ಪಿರಲಿಲ್ಲ, ನನ್ನ ದಾರಿಗೆ ಅದು ಸಲ್ಲದ ಗಾಡಿಯಾಗಿತ್ತು.

ಆದ್ದರಿಂದ ಪುಸ್ತಕ ತೆರೆದು ಎಣಿಸಿ. ಅರ್ಧಕ್ಕಿಂತ ಹೆಚ್ಚು ಓಡಾಟ ಐದು ಕಿಲೋಮೀಟರಿನ ಒಳಗಿದ್ದರೆ ಪೆಟ್ರೋಲ್ ಕಡೆಗೇ ನಿಲ್ಲಿ, ಮೈಲೇಜಿನ ಆಸೆಗೆ ಬೀಳಬೇಡಿ. ವಾರದಲ್ಲಿ ಎರಡು ಬಾರಿಯಾದರೂ ಅರ್ಧ ಗಂಟೆಗೂ ಮೀರಿ ಹೆದ್ದಾರಿಯಲ್ಲಿ ಓಡುತ್ತೀರಾದರೆ, ತಿಂಗಳ ಮೊತ್ತ ಸಾವಿರ ಕಿಲೋಮೀಟರ್ ದಾಟುತ್ತಿದ್ದರೆ, ಡೀಸೆಲ್ ನಿಮಗೆ ನ್ಯಾಯವಾದ ಆಯ್ಕೆ. ಇವೆರಡರ ನಡುವೆ ಇದ್ದರೆ ಇಂಧನದ ಚಿಂತೆ ಬಿಟ್ಟು, ಎದುರಿಗಿರುವ ಗಾಡಿಗಳಲ್ಲಿ ಯಾವುದು ಚೆನ್ನಾಗಿ ಉಳಿದಿದೆಯೋ ಅದನ್ನು ಆರಿಸಿ.

ಹೆಜ್ಜೆ 2: ನಿಮಗೆ ಬೇಕಾದ ವೇಗ ಯಾವ ಬಗೆಯದು ಎಂದು ತಿಳಿದುಕೊಳ್ಳಿ

ಪಿಕಪ್ ಎಂಬ ಒಂದೇ ಪದದಲ್ಲಿ ನಾವು ಎರಡು ಬೇರೆ ಗುಣಗಳನ್ನು ಸೇರಿಸಿಬಿಡುತ್ತೇವೆ. ಒಂದು ಎಳೆಯುವ ಬಲ, ಅಂದರೆ ಟಾರ್ಕ್. ಇನ್ನೊಂದು ಆ ಬಲವನ್ನು ಎಷ್ಟು ಆರ್.ಪಿ.ಎಂ.ವರೆಗೆ ಹಿಡಿದಿಡುತ್ತದೆ ಎಂಬುದು. ಬಿ.ಎಂ.ಡಬ್ಲ್ಯು. 320ಡಿ (ಡೀಸೆಲ್) ಮತ್ತು 330ಐ (ಪೆಟ್ರೋಲ್) ಜೋಡಿಯನ್ನು ನೋಡಿದರೆ ಇದು ಕಣ್ಣಿಗೆ ಕಟ್ಟುತ್ತದೆ. ಎರಡರ ಗರಿಷ್ಠ ಟಾರ್ಕ್ ಒಂದೇ, 400 ನ್ಯೂಟನ್ ಮೀಟರ್. ಆದರೆ ಡೀಸೆಲ್‌ನಲ್ಲಿ ಅದು 1,750ರಿಂದ 2,500 ಆರ್.ಪಿ.ಎಂ. ನಡುವೆ ಮಾತ್ರ, ಪೆಟ್ರೋಲ್‌ನಲ್ಲಿ 1,550ರಿಂದ 4,400ರವರೆಗೆ. ಶಕ್ತಿ ಎಂದರೆ ಟಾರ್ಕ್ ಮತ್ತು ಆರ್.ಪಿ.ಎಂ.ಗಳ ಗುಣಲಬ್ಧವಾದ್ದರಿಂದ, 2,500ರಲ್ಲಿ 400 ನ್ಯೂಟನ್ ಮೀಟರ್ ಅಂದರೆ ಸುಮಾರು 142 ಪಿ.ಎಸ್. (ಅಶ್ವಶಕ್ತಿ), 4,400ರಲ್ಲಿ ಅದೇ ಟಾರ್ಕ್ ಸುಮಾರು 250 ಪಿ.ಎಸ್. ಆಗುತ್ತದೆ. ಒಟ್ಟು ಶಕ್ತಿ ಡೀಸೆಲ್‌ನಲ್ಲಿ 190 ಪಿ.ಎಸ್., ಪೆಟ್ರೋಲ್‌ನಲ್ಲಿ 258. ಮೊದಲ ತಳ್ಳು ಎರಡರಲ್ಲೂ ಒಂದೇ ರೀತಿ ಬೆನ್ನಿಗೆ ತಾಗುತ್ತದೆ, ಮುಂದಿನ ಓಟ ಪೆಟ್ರೋಲ್‌ನದು.

ಆದರೆ ರಸ್ತೆಯ ಮೇಲಿನ ಲೆಕ್ಕ ಕಾಗದದ ಲೆಕ್ಕದಷ್ಟು ಸರಳವಲ್ಲ. ಚನ್ನಗಿರಿ ಕಡೆಗೋ ಜಗಳೂರು ಕಡೆಗೋ ಎರಡು ಪಥದ ರಸ್ತೆಯಲ್ಲಿ ಹೋಗುವಾಗ ಮುಂದೆ ಹುಲ್ಲು ಹೇರಿದ ಟ್ರ್ಯಾಕ್ಟರ್ ಇರುತ್ತದೆ, ಎದುರಿನಿಂದ ಬಸ್ಸು ಬರುತ್ತಿರುತ್ತದೆ, ನಡುವೆ ಸಿಗುವ ಜಾಗದಲ್ಲಿ ಐವತ್ತರಿಂದ ಎಂಬತ್ತಕ್ಕೆ ಥಟ್ಟನೆ ಏರಬೇಕಾಗುತ್ತದೆ. ಅಲ್ಲಿ ಗೇರ್ ಇಳಿಸದೆಯೇ ಮುನ್ನುಗ್ಗುವ ಡೀಸೆಲ್ ಬಹಳ ನೆಮ್ಮದಿ. ಆಕ್ಟೇವಿಯಾದ ಡೀಸೆಲ್ ಇಂಜಿನ್ 2.0 ಟಿ.ಡಿ.ಐ. ಬರೀ 143 ಪಿ.ಎಸ್. ಇದ್ದರೂ 1,750 ಆರ್.ಪಿ.ಎಂ.ಗೇ 320 ನ್ಯೂಟನ್ ಮೀಟರ್ ಕೊಡುತ್ತದೆ. ಅದೇ ಕಾರಿನ ಪೆಟ್ರೋಲ್ ಇಂಜಿನ್ 1.8 ಟಿ.ಎಸ್.ಐ. 180 ಪಿ.ಎಸ್. ಇದ್ದರೂ ಟಾರ್ಕ್ 250 ಮಾತ್ರ. ಹಾಗಿದ್ದೂ ಎರಡನ್ನೂ ಒಂದೇ ದಿನ ಓಡಿಸಿ ನೋಡಿದರೆ, ಪೆಟ್ರೋಲ್ ಕಾರಿನ ಮೂತಿ ಹಗುರವಾಗಿ ತಿರುವಿಗೆ ಬಗ್ಗುವುದು, ಆರು ಸಾವಿರದವರೆಗೆ ಒಂದೇ ಉಸಿರಿನಲ್ಲಿ ಏರುವುದು, ಸ್ಟೀರಿಂಗ್‌ನಲ್ಲಿ ನಡುಕವಿಲ್ಲದಿರುವುದು ಇವೆಲ್ಲ ಗೊತ್ತಾಗುತ್ತವೆ. ಓಡಿಸುವ ಖುಷಿಗಾಗಿಯೇ ಕೊಳ್ಳುವುದಾದರೆ ನನ್ನ ಮನಸ್ಸು ಪೆಟ್ರೋಲ್ ಕಡೆಗೇ ವಾಲುತ್ತದೆ, ಇದನ್ನು ಮುಚ್ಚಿಡುವುದಿಲ್ಲ. ಆಕ್ಟೇವಿಯಾದ ವೇಗದ ಅವತಾರವಾದ ಆರ್.ಎಸ್. ನಮ್ಮಲ್ಲಿ ಬಂದದ್ದೂ ಪೆಟ್ರೋಲ್‌ನಲ್ಲೇ: 2017ರಲ್ಲಿ 230 ಪಿ.ಎಸ್., 2020ರಲ್ಲಿ 245 ಪಿ.ಎಸ್.

ಹೆಜ್ಜೆ 3: ಉಳಿತಾಯವನ್ನು ಕಾಗದದ ಮೇಲೆ ಇಳಿಸಿ

ಉದಾಹರಣೆಗೆ ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಡೀಸೆಲ್ 91 ರೂಪಾಯಿ ಎಂದಿಟ್ಟುಕೊಳ್ಳೋಣ. ನೀವು ಓದುವ ದಿನ ಬಂಕ್‌ನಲ್ಲಿರುವ ದರವನ್ನು ಹಾಕಿಕೊಳ್ಳಿ. ಇಂಥ ಟರ್ಬೊ ಪೆಟ್ರೋಲ್ ಸೆಡಾನ್ ಮಿಶ್ರ ಓಡಾಟದಲ್ಲಿ 11, ಡೀಸೆಲ್ 16 ಕಿಲೋಮೀಟರ್ ಕೊಟ್ಟರೆ, ಕಿಲೋಮೀಟರಿಗೆ ಪೆಟ್ರೋಲ್‌ಗೆ 9 ರೂಪಾಯಿ 36 ಪೈಸೆ, ಡೀಸೆಲ್‌ಗೆ 5 ರೂಪಾಯಿ 69 ಪೈಸೆ ಬೀಳುತ್ತದೆ. ವ್ಯತ್ಯಾಸ 3 ರೂಪಾಯಿ 67 ಪೈಸೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರಿಗೆ ವರ್ಷಕ್ಕೆ ಸುಮಾರು 44,000 ರೂಪಾಯಿ ಉಳಿಯುತ್ತದೆ, ನಾನೂರು ಕಿಲೋಮೀಟರ್ ಓಡಿಸುವವರಿಗೆ ಹದಿನೇಳು ಸಾವಿರ ಚಿಲ್ಲರೆ. ಡೀಸೆಲ್ ಗಾಡಿಗೆ ಒಂದೂವರೆ ಲಕ್ಷ ಹೆಚ್ಚು ಕೊಟ್ಟಿದ್ದೀರಿ ಎನ್ನಿ. ಮೊದಲನೆಯವರಿಗೆ ಅದು ಮೂರೂವರೆ ವರ್ಷದೊಳಗೆ ಹಿಂದಕ್ಕೆ ಬರುತ್ತದೆ. ಎರಡನೆಯವರಿಗೆ ಎಂಟೂವರೆ ವರ್ಷ ಬೇಕು, ಅಷ್ಟರಲ್ಲಿ ಈಗಾಗಲೇ ಹಳೆಯದಾದ ಗಾಡಿಯ ಆಯುಸ್ಸೇ ಮುಗಿಯುತ್ತಾ ಬಂದಿರುತ್ತದೆ.

ಈ ಲೆಕ್ಕದ ಕೆಳಗೆ ಇನ್ನೊಂದು ಸಾಲು ಬರೆಯಬೇಕು. ಡೀಸೆಲ್‌ನ ಇಂಜೆಕ್ಟರ್‌ಗಳು, ಅಧಿಕ ಒತ್ತಡದ ಪಂಪ್, ಟರ್ಬೊ, ಡ್ಯುಯಲ್ ಮಾಸ್ ಫ್ಲೈವೀಲ್ (ಇಂಜಿನ್‌ನ ನಡುಕ ತಗ್ಗಿಸುವ ಭಾರದ ಚಕ್ರ), ಡಿ.ಪಿ.ಎಫ್. ಇವುಗಳಲ್ಲಿ ಎರಡು ಒಟ್ಟಿಗೆ ಕೆಟ್ಟರೂ ಬಿಲ್ ಲಕ್ಷ ದಾಟಬಹುದು, ಅಂದರೆ ಎರಡು ವರ್ಷದ ಉಳಿತಾಯ ಒಂದೇ ದಿನಕ್ಕೆ ಹೋಗುತ್ತದೆ. ನೋಡುತ್ತಿರುವ ಮಾಡೆಲ್‌ಗೆ ಈ ಭಾಗಗಳ ಬೆಲೆಯನ್ನು ಗ್ಯಾರೇಜ್‌ನವರಿಂದ ಮೊದಲೇ ಬರೆಸಿಕೊಳ್ಳಿ. ದಾವಣಗೆರೆಯಲ್ಲಿ ಎಲ್ಲ ಕಂಪನಿಯ ಭಾಗವೂ ಕೈಗೆ ಸಿಗುವುದಿಲ್ಲ, ಬೆಂಗಳೂರಿನಿಂದ ತರಿಸುವ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೆಜ್ಜೆ 4: ತಯಾರಾದ ವರ್ಷ ಏನು ಹೇಳುತ್ತದೆ

ಬಿ.ಎಸ್. 4 ದೇಶದಾದ್ಯಂತ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ, ಬಿ.ಎಸ್. 6 ಬಂದದ್ದು 2020ರ ಏಪ್ರಿಲ್‌ನಲ್ಲಿ. ಆ ದಿನದೊಂದಿಗೆ ಸ್ಕೋಡಾ ಮತ್ತು ಫೋಕ್ಸ್‌ವ್ಯಾಗನ್ ಭಾರತದಲ್ಲಿ ಡೀಸೆಲ್ ಕಾರು ಮಾರುವುದನ್ನೇ ನಿಲ್ಲಿಸಿದವು. ಹಾಗಾಗಿ ಆಕ್ಟೇವಿಯಾ ಅಥವಾ ಸೂಪರ್ಬ್ ಡೀಸೆಲ್ ಬೇಕೆಂದರೆ 2020ಕ್ಕಿಂತ ಹಳೆಯದನ್ನೇ ನೋಡಬೇಕು. ಅದಾದ ಮೇಲಿನವು ಪೆಟ್ರೋಲ್ ಮಾತ್ರ, ಆರ್.ಎಸ್. ಬಿಟ್ಟರೆ 190 ಪಿ.ಎಸ್.ನ 2.0 ಟಿ.ಎಸ್.ಐ. ಬಿ.ಎಂ.ಡಬ್ಲ್ಯು.ನಂಥವರು ಬಿ.ಎಸ್. 6ರಲ್ಲೂ ಡೀಸೆಲ್ ಮುಂದುವರಿಸಿದರು, ಆದರೆ ಅವುಗಳಲ್ಲಿ ಡಿ.ಪಿ.ಎಫ್. ಇದ್ದೇ ಇರುತ್ತದೆ.

2008ರಿಂದ 2015ರ ನವೆಂಬರ್ ನಡುವೆ ಮಾರಾಟವಾದ ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿ ಡೀಸೆಲ್ ಕಾರನ್ನು ನೋಡುತ್ತಿದ್ದರೆ ಇನ್ನೊಂದು ಪ್ರಶ್ನೆ ಕೇಳಿ. ಹೊಗೆ ಪರೀಕ್ಷೆಯ ವಂಚನೆ ಬೆಳಕಿಗೆ ಬಂದ ಮೇಲೆ ಇ.ಎ. 189 ಇಂಜಿನ್ ಇರುವ ಸುಮಾರು 3.23 ಲಕ್ಷ ಕಾರುಗಳನ್ನು ಭಾರತದಲ್ಲೂ ವಾಪಸ್ ಕರೆಯುವುದಾಗಿ ಕಂಪನಿ 2015ರ ಡಿಸೆಂಬರ್‌ನಲ್ಲಿ ಪ್ರಕಟಿಸಿತ್ತು. ಆ ಕೆಲಸ ಈ ಗಾಡಿಗೆ ಆಗಿದೆಯೇ ಎಂಬುದು ಷಾಸಿ ನಂಬರ್ ಕೊಟ್ಟರೆ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಗೊತ್ತಾಗುತ್ತದೆ.

ಪೆಟ್ರೋಲ್ ಪಾಲಿಗೆ ಇಂದಿನ ದೊಡ್ಡ ವಿಷಯ ಇ20, ಅಂದರೆ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ನಮ್ಮ ಜಿಲ್ಲೆಯ ಹೊಲಗಳಲ್ಲಿ ಬೆಳೆಯುವಂಥ ಮೆಕ್ಕೆಜೋಳವೂ ಈಗ ಎಥನಾಲ್‌ಗೆ ಕಚ್ಚಾವಸ್ತು, ರೈತನ ದೃಷ್ಟಿಯಿಂದ ಅದು ಸಂತೋಷದ ಸಂಗತಿಯೇ. ಆದರೆ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆಯಾದ್ದರಿಂದ ಮೈಲೇಜ್ ಅಷ್ಟಿಷ್ಟು ಇಳಿಯುತ್ತದೆ. 2023ಕ್ಕಿಂತ ಹಳೆಯ ಗಾಡಿಯಾದರೆ ಕಂಪನಿ ಎಷ್ಟು ಎಥನಾಲ್‌ವರೆಗೆ ಒಪ್ಪಿದೆ ಎಂಬುದನ್ನು ಟ್ಯಾಂಕ್ ಮುಚ್ಚಳದ ಒಳಗಿನ ಚೀಟಿಯಲ್ಲೋ ಗಾಡಿಯ ಪುಸ್ತಕದಲ್ಲೋ ನೋಡಿ. ಇಂಧನದ ರಬ್ಬರ್ ಪೈಪ್, ಸೀಲ್‌ಗಳ ಮೇಲೆ ಕಣ್ಣಿಡಿ. ಎಥನಾಲ್ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಪೆಟ್ರೋಲ್ ಗಾಡಿಯನ್ನು ಅನುಮಾನದಿಂದಲೇ ನೋಡಬೇಕು.

ದೆಹಲಿಯ ಗಾಡಿಗಳ ಬಗ್ಗೆ ಎರಡು ಮಾತು. ಹತ್ತು ವರ್ಷ ಮೀರಿದ ಡೀಸೆಲ್, ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳಿಗೆ ನಿರ್ಬಂಧ ಹೇರಿದ 2015ರ ಹಸಿರು ನ್ಯಾಯಮಂಡಳಿಯ ಆದೇಶ ಮತ್ತು ಅದನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟಿನ 2018ರ ಆದೇಶ ದೆಹಲಿ ರಾಜಧಾನಿ ವಲಯಕ್ಕೆ ಸೇರಿದ್ದು, ಕರ್ನಾಟಕಕ್ಕಲ್ಲ. 2025ರಲ್ಲಿ ಸುಪ್ರೀಂ ಕೋರ್ಟೇ ಆ ನಿರ್ಬಂಧವನ್ನು ಸಡಿಲಿಸಿತು. ಆದರೂ ಅಲ್ಲಿಯ ಡೀಸೆಲ್ ಗಾಡಿಗಳು ಇಲ್ಲಿಗೆ ಅಗ್ಗವಾಗಿ ಬರುವುದುಂಟು. ಆದರೆ ಇಲ್ಲಿ ಹೊಸದಾಗಿ ನೋಂದಾಯಿಸಲು ಅಲ್ಲಿಯ ಎನ್.ಒ.ಸಿ. (ನಿರಾಕ್ಷೇಪಣಾ ಪತ್ರ) ಬೇಕು, ಗಾಡಿಯ ವಯಸ್ಸಿಗೆ ತಕ್ಕಂತೆ ನಮ್ಮ ರಾಜ್ಯದ ಆಜೀವ ತೆರಿಗೆ ಕಟ್ಟಬೇಕು. ಅದೆಲ್ಲ ಸೇರಿಸಿದ ಮೇಲೆಯೂ ಅಗ್ಗವೇ ಎಂದು ಆರ್.ಟಿ.ಒ. ಕಚೇರಿಯಲ್ಲಿ ಮೊತ್ತ ಕೇಳಿಕೊಂಡೇ ಮುಂಗಡ ಕೊಡಿ.

ಹೆಜ್ಜೆ 5: ಆಯಾ ಇಂಜಿನ್‌ನ ಹುಟ್ಟುಗುಣ

ಪ್ರತಿ ಇಂಜಿನ್‌ಗೂ ಒಂದು ದುರ್ಬಲ ಜಾಗವಿರುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿಗಳಲ್ಲಿ ಬರುವ 1.8 ಮತ್ತು 2.0 ಲೀಟರಿನ ಇ.ಎ. 888 ಪೆಟ್ರೋಲ್ ಇಂಜಿನ್‌ನ ಎರಡನೇ ತಲೆಮಾರಿನವು ಆಯಿಲ್ ಕುಡಿಯುವುದಕ್ಕೆ ಕುಖ್ಯಾತ. ತೆಳು ಪಿಸ್ಟನ್ ರಿಂಗ್ ಅದಕ್ಕೆ ಕಾರಣ. ಸ್ಕೋಡಾ ಲಾರಾ, ಹಳೆಯ ಸೂಪರ್ಬ್, ಎ4 ನೋಡುವಾಗ ಸರ್ವಿಸ್‌ಗಳ ನಡುವೆ ಎಷ್ಟು ಆಯಿಲ್ ಸುರಿಯಬೇಕಾಯಿತು ಎಂದು ನೇರವಾಗಿ ಕೇಳಿ. ಮೂರನೇ ತಲೆಮಾರಿನಲ್ಲಿ ಆ ದೋಷ ಬಹುಮಟ್ಟಿಗೆ ಹೋಯಿತು, ಆದರೆ ಪ್ಲಾಸ್ಟಿಕ್ ಥರ್ಮೋಸ್ಟಾಟ್ ಕವಚ ಸೋರುತ್ತದೆ. ಪೆಟ್ರೋಲನ್ನು ಸಿಲಿಂಡರಿಗೇ ನೇರವಾಗಿ ಸಿಂಪಡಿಸುವ ಇಂಜಿನ್‌ಗಳಲ್ಲಿ ಇನ್‌ಟೇಕ್ ವಾಲ್ವ್‌ಗಳನ್ನು ತೊಳೆಯುವ ಪೆಟ್ರೋಲ್ ಧಾರೆ ಇರುವುದಿಲ್ಲವಾದ್ದರಿಂದ ಅಲ್ಲಿ ಇಂಗಾಲ ಗಟ್ಟಿಯಾಗಿ ಕೂರುತ್ತದೆ. ತಣ್ಣಗಿನ ಇಂಜಿನ್ ಐಡಲ್‌ನಲ್ಲಿ ಕುಂಟುವುದು ಅದರ ಗುರುತು. ಬಿ.ಎಂ.ಡಬ್ಲ್ಯು.ನ ಎನ್47 ಡೀಸೆಲ್‌ನಲ್ಲಿ ಟೈಮಿಂಗ್ ಚೈನ್ ಇರುವುದು ಇಂಜಿನ್‌ನ ಹಿಂಬದಿ, ಗೇರ್‌ಬಾಕ್ಸ್ ಕಡೆಗೆ. ಅದು ಸವೆದರೆ ಬದಲಿಸಲು ಇಂಜಿನ್ ಗೇರ್‌ಬಾಕ್ಸ್‌ಗಳನ್ನು ಬೇರ್ಪಡಿಸಲೇಬೇಕು. ಅದೇ ಕಾಲದ ಎನ್20 ಪೆಟ್ರೋಲ್‌ನಲ್ಲಿ ಚೈನಿನ ಪ್ಲಾಸ್ಟಿಕ್ ಗೈಡ್ ಒಡೆಯುತ್ತದೆ.

ಗೇರ್‌ಬಾಕ್ಸ್‌ನ ಮಾತು ಇಂಜಿನ್‌ಗಿಂತ ಕಡಿಮೆಯದಲ್ಲ, ಹಲವರು ಎಡವುವುದು ಇಲ್ಲೇ. ಡಿ.ಎಸ್.ಜಿ. ಎಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಅದರಲ್ಲಿ ಏಳು ಗೇರಿನ ಡಿ.ಕ್ಯು. 200ರ ಕ್ಲಚ್ ಆಯಿಲ್‌ನಲ್ಲಿ ಮುಳುಗಿರದ ಒಣ ಬಗೆಯದು; ಅದು ತಾಳುವುದು 250 ನ್ಯೂಟನ್ ಮೀಟರ್ ಮಾತ್ರ. ಆಕ್ಟೇವಿಯಾ 1.8 ಟಿ.ಎಸ್.ಐ.ಯ ಟಾರ್ಕ್ ಸರಿಯಾಗಿ 250ಕ್ಕೇ ನಿಂತದ್ದು ಈ ಮಿತಿಯಿಂದಲೇ. ಅದೇ ಇಂಜಿನ್ ಸೂಪರ್ಬ್‌ನ ಮ್ಯಾನುವಲ್ ಗೇರ್ ಕಾರಿನಲ್ಲಿ 320 ಕೊಡುತ್ತಿತ್ತು. 2.0 ಟಿ.ಡಿ.ಐ. ಜೊತೆಗೆ ಬಂದದ್ದು ಆರು ಗೇರಿನ, ಆಯಿಲ್‌ನಲ್ಲಿ ಮುಳುಗಿದ ಕ್ಲಚ್ಚಿನ ಡಿ.ಎಸ್.ಜಿ. ಅದು ಗಟ್ಟಿ, ಆದರೆ ಪ್ರತಿ 60,000 ಕಿಲೋಮೀಟರಿಗೆ ಆಯಿಲ್, ಫಿಲ್ಟರ್ ಬದಲಿಸಿದ್ದರೆ ಮಾತ್ರ. ಬದಲಿಸಿದ ಬಿಲ್ ಕಣ್ಣಾರೆ ನೋಡಿ. ಊರೊಳಗಿನ ಓಡಾಟಕ್ಕೆ ಪೆಟ್ರೋಲ್ ಬೇಕು, ಆದರೆ ಒಣ ಕ್ಲಚ್ಚಿನ ಗೇರ್‌ಬಾಕ್ಸ್‌ಗೆ ಸಿಗ್ನಲ್‌ನ ತೆವಳಾಟವೇ ಶತ್ರು ಎಂಬ ಇಕ್ಕಟ್ಟು ಇಲ್ಲಿ ಬರುತ್ತದೆ. ಹಾಗಾಗಿ ಅಂಥವರಿಗೆ ನಾನು ಹೇಳುವುದು ಮ್ಯಾನುವಲ್ ಗೇರ್ ಇರುವ ಪೆಟ್ರೋಲ್, ಇಲ್ಲವೇ ಆರ್.ಎಸ್. ಮತ್ತು 2.0 ಟಿ.ಎಸ್.ಐ.ಗಳಂತೆ ಆಯಿಲ್ ಕ್ಲಚ್ ಇರುವುದು.

ರೀಮ್ಯಾಪ್ ಮಾಡಿಸಿದ, ಅಂದರೆ ಶಕ್ತಿ ಹೆಚ್ಚಿಸಲು ಇಂಜಿನ್‌ನ ಸಾಫ್ಟ್‌ವೇರ್ ಬದಲಿಸಿದ ಗಾಡಿಯನ್ನು ಬಿಟ್ಟುಬಿಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮಾಲೀಕರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು, ಆದರೆ ಹೆಚ್ಚಿಸಿದ ಟಾರ್ಕ್‌ನ ಏಟು ತಿಂದ ಕ್ಲಚ್, ಫ್ಲೈವೀಲ್, ಟರ್ಬೊಗಳನ್ನು ನೀವು ಬದಲಿಸಬೇಕಾಗುತ್ತದೆ.

ಹೆಜ್ಜೆ 6: ತಣ್ಣಗಿನ ಇಂಜಿನ್ ನೋಡಿ

ಬೆಳಿಗ್ಗೆ ಆರು ಗಂಟೆಗೆ ಮಾರುವವರ ಮನೆಗೆ ಹೋಗಿ, "ನಾವು ಬರೋತನಕ ಸ್ಟಾರ್ಟ್ ಮಾಡಬೇಡ್ರಿ" ಎಂದು ಹಿಂದಿನ ದಿನವೇ ಹೇಳಿರಿ. ಹೋದೊಡನೆ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಏನನ್ನೋ ಮರೆಮಾಚಲೆಂದೇ ಮೊದಲೇ ಓಡಿಸಿಟ್ಟಿದ್ದಾರೆ. ಇನ್ನೊಂದು ದಿನ ಬರುತ್ತೇನೆ ಎಂದು ಹೊರಡಿ.

ತಣ್ಣಗಿದ್ದರೆ ಒಬ್ಬರು ಹಿಂದೆ ನಿಂತು ಸೈಲೆನ್ಸರ್ ನೋಡಲಿ, ನೀವು ಕೀಲಿ ತಿರುಗಿಸಿ. ಮೊದಲ ಎರಡು ಸೆಕೆಂಡಿನ ಸದ್ದು ಬಹಳ ಮುಖ್ಯ: ಸರಪಳಿ ಅಲುಗಿಸಿದಂಥ ಕಟಕಟ ಕೇಳಿಬಂದರೆ ಟೈಮಿಂಗ್ ಚೈನ್ ಸಡಿಲವಾಗಿದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಡೀಸೆಲ್‌ನಲ್ಲಿ ಬಿಳಿ ಹೊಗೆ ನಿಲ್ಲದೆ ಬಂದರೆ ಇಂಜೆಕ್ಟರ್ ಅಥವಾ ಕಂಪ್ರೆಷನ್ ಬಗ್ಗೆ ಸಂಶಯಪಡಬೇಕು. ಐದು ನಿಮಿಷ ಬಿಟ್ಟು ಆಯಿಲ್ ಮುಚ್ಚಳ ತೆಗೆದು ಅದರ ಬಾಯಿಯಿಂದ ಹಬೆ ಪುಸಪುಸನೆ ಒತ್ತುತ್ತಿದೆಯೇ ನೋಡಿ. ಆಮೇಲೆ ಇಂಜಿನ್ ಆರಿಸಿ ಬಿಳಿ ಬಟ್ಟೆಯೊಂದನ್ನು ಬೆರಳಿಗೆ ಸುತ್ತಿ ಸೈಲೆನ್ಸರ್ ತುದಿಯ ಒಳಗೆ ಒರೆಸಿ. ಬಿ.ಎಸ್. 6 ಡೀಸೆಲ್‌ನಲ್ಲಿ ಬಟ್ಟೆ ಕಪ್ಪಾದರೆ ಡಿ.ಪಿ.ಎಫ್. ಒಡೆದಿದೆ, ಇಲ್ಲವೇ ಯಾರೋ ಅದನ್ನು ಕತ್ತರಿಸಿ ತೆಗೆದಿದ್ದಾರೆ. ಹಾಗೆ ತೆಗೆಯುವುದು ಕಾನೂನಿಗೆ ವಿರುದ್ಧ, ಮತ್ತೆ ಹಾಕಿಸುವುದು ದುಬಾರಿ. ಗಾಡಿ ಎಷ್ಟೇ ಹೊಳೆಯುತ್ತಿದ್ದರೂ ಅಲ್ಲಿಗೇ ಮಾತು ಮುಗಿಸಿ.

ಮುಂದಿನ ಗ್ರಿಲ್ ಒಳಗೆ ಟಾರ್ಚ್ ಬಿಡುವುದನ್ನು ಮರೆಯಬೇಡಿ. ಸುಗ್ಗಿಯ ದಿನಗಳಲ್ಲಿ ನಮ್ಮ ಹಳ್ಳಿ ರಸ್ತೆಗಳ ಮೇಲೆ ಹರಡಿದ ಮೆಕ್ಕೆಜೋಳದ ಹೊಟ್ಟು, ಧೂಳು ರೇಡಿಯೇಟರ್ ಮತ್ತು ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕಣ್ಣುಗಳಲ್ಲಿ ಮೆತ್ತಿಕೊಂಡಿರುತ್ತವೆ. ಟರ್ಬೊ ಪೆಟ್ರೋಲ್ ಗಾಡಿ ಚಿತ್ರದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಮಂಕಾಗುವುದಕ್ಕೆ ಎಷ್ಟೋ ಬಾರಿ ಇದೊಂದೇ ಕಾರಣ.

ಸ್ಕ್ಯಾನರ್ ಇರುವ ಮೆಕ್ಯಾನಿಕ್ಕನ್ನು ಜೊತೆಗೆ ಕರೆದೊಯ್ಯಿರಿ. ಡೀಸೆಲ್‌ನಲ್ಲಿ ಪ್ರತಿ ಇಂಜೆಕ್ಟರ್‌ನ ತಿದ್ದುಪಡಿ ಅಂಕಿ, ಡಿ.ಪಿ.ಎಫ್.ನ ಮಸಿ ಮತ್ತು ಬೂದಿಯ ಪ್ರಮಾಣ, ಕೊನೆಯ ಬಾರಿ ಸುಟ್ಟ ಮೇಲೆ ಓಡಿದ ದೂರ ಇವನ್ನು ನೋಡಿಸಿ. ಮಸಿ ಸುಟ್ಟುಹೋಗುತ್ತದೆ, ಬೂದಿ ಹೋಗುವುದಿಲ್ಲ. ಪೆಟ್ರೋಲ್‌ನಲ್ಲಿ ಸಿಲಿಂಡರ್‌ವಾರು ಮಿಸ್‌ಫೈರ್ ಎಣಿಕೆ ಮತ್ತು ಟರ್ಬೊ ಒತ್ತಡ ನೋಡಿಸಿ. ಹಲವು ಗಾಡಿಗಳಲ್ಲಿ ಓಡಿದ ದೂರ ಮೀಟರ್ ಅಲ್ಲದೆ ಬೇರೆ ಕಂಟ್ರೋಲ್ ಯೂನಿಟ್‌ಗಳಲ್ಲೂ ದಾಖಲಾಗಿರುತ್ತದೆ. ಮೀಟರ್ ಹಿಂದಕ್ಕೆ ತಿರುಗಿಸಿದ್ದರೆ ಆ ಅಂಕಿಗಳು ತಾಳೆಯಾಗುವುದಿಲ್ಲ. ಹೆದ್ದಾರಿಯಲ್ಲಿ ಒಂದೂವರೆ ಲಕ್ಷ ಓಡಿ ಎಲ್ಲ ಬಿಲ್ ಇಟ್ಟುಕೊಂಡ ಡೀಸೆಲ್, ಊರೊಳಗೆ ಐವತ್ತು ಸಾವಿರ ಓಡಿದ ಡೀಸೆಲ್‌ಗಿಂತ ಆರೋಗ್ಯವಾಗಿರುತ್ತದೆ ಎಂಬುದು ನನ್ನ ಅನುಭವ.

ಹೆಜ್ಜೆ 7: ಓಡಿಸಿ ನೋಡುವ ಕ್ರಮ

ಬಡಾವಣೆಯೊಳಗೆ ಒಂದು ಸುತ್ತು ಹಾಕಿ ತೃಪ್ತರಾಗಬೇಡಿ. ಮೊದಲು ಅಶೋಕ ರಸ್ತೆ, ಮಂಡಿಪೇಟೆಯ ಗದ್ದಲದಲ್ಲಿ ಹತ್ತು ನಿಮಿಷ ತೆವಳಿಸಿ. ಡಿ.ಎಸ್.ಜಿ. ಮೊದಲ ಗೇರಿನಿಂದ ಎರಡಕ್ಕೆ ಹೋಗುವಾಗ ಗಡಗಡ ನಡುಗಿದರೆ, ಹಿಂದಕ್ಕೆ ಹೋಗುವಾಗ ತಡೆದು ಒಮ್ಮೆಲೇ ನುಗ್ಗಿದರೆ ಕ್ಲಚ್ ಅಥವಾ ಗೇರ್ ಬದಲಿಸುವ ಮೆಕಟ್ರಾನಿಕ್ ಘಟಕದಲ್ಲಿ ದೋಷವಿದೆ. ಮ್ಯಾನುವಲ್ ಡೀಸೆಲ್ ಆದರೆ ಇಂಜಿನ್ ಆರಿಸುವ ಕ್ಷಣದಲ್ಲಿ ಧಡಕ್ ಎಂಬ ಸದ್ದು ಬರುತ್ತದೆಯೇ ಕೇಳಿ, ಅದು ಫ್ಲೈವೀಲ್ ಸವೆದ ಗುರುತು.

ಆಮೇಲೆ ಹೆದ್ದಾರಿ ಹಿಡಿದು ಆನಗೋಡು ದಾಟಿ ಭರಮಸಾಗರದವರೆಗೆ ಹೋಗಿ ಬನ್ನಿ. ರಸ್ತೆ ಖಾಲಿ ಇರುವಲ್ಲಿ, ಮಿತಿಯ ವೇಗದೊಳಗೇ, ನಾಲ್ಕನೇ ಗೇರಿನಲ್ಲಿ 1,700 ಆರ್.ಪಿ.ಎಂ.ನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್.ಪಿ.ಎಂ. ಥಟ್ಟನೆ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎಳೆತ ನಡುವೆ ಕಡಿದರೆ, ಇಂಜಿನ್ ದೀಪ ಹತ್ತಿದರೆ ಟರ್ಬೊ ಕಡೆ ನೋಡಬೇಕು. ಹಿಂದಿನ ಕನ್ನಡಿಯಲ್ಲಿ ಕಪ್ಪು ಹೊಗೆಯ ಮೋಡ ಕಂಡರೆ ಡೀಸೆಲ್‌ನ ಇಂಜೆಕ್ಟರ್ ಅಥವಾ ಗಾಳಿಯ ಪೈಪ್ ಸೋರಿಕೆ. ಎ.ಸಿ. ಹಾಕಿಯೇ ಓಡಿಸಿ, ಮರಳಿ ಬಂದ ಮೇಲೆ ಹತ್ತು ನಿಮಿಷ ಐಡಲ್‌ನಲ್ಲಿ ಬಿಟ್ಟು ಶಾಖದ ಮುಳ್ಳು ಅಲುಗುತ್ತದೆಯೇ ಗಮನಿಸಿ. ಪೆಟ್ರೋಲ್ ಗಾಡಿಯನ್ನೂ ಡೀಸೆಲ್ ಗಾಡಿಯನ್ನೂ ಸಾಧ್ಯವಾದರೆ ಒಂದೇ ದಿನ, ಇದೇ ದಾರಿಯಲ್ಲಿ ಓಡಿಸಿ. ಬೇರೆ ಬೇರೆ ವಾರ ಓಡಿಸಿದರೆ ನೆನಪು ಮೋಸ ಮಾಡುತ್ತದೆ.

ಹೆಜ್ಜೆ 8: ಕಾಗದಪತ್ರ ಮತ್ತು ಮೊದಲ ವಾರ

ಆರ್.ಸಿ.ಯಲ್ಲಿ ಇಂಧನದ ಕಲಂ, ಷಾಸಿ ಮತ್ತು ಇಂಜಿನ್ ನಂಬರ್ ಗಾಡಿಯ ಮೇಲಿನದಕ್ಕೆ ತಾಳೆಯಾಗಬೇಕು. ಸಾಲ ತೀರಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ, ವರ್ಗಾವಣೆಗೆ ಫಾರಂ 29 ಮತ್ತು 30, ಹೊರ ರಾಜ್ಯದ್ದಾದರೆ ಎನ್.ಒ.ಸಿ.ಗೆ ಫಾರಂ 28. ವಿಮೆಯ ಹಳೆಯ ಕ್ಲೇಮ್ ವಿವರ ಕೇಳಿ ಪಡೆಯಿರಿ. ದಲ್ಲಾಳಿ ಎಷ್ಟೇ ಅವಸರ ಮಾಡಿದರೂ ಇವು ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.

ಗಾಡಿ ಮನೆಗೆ ಬಂದ ವಾರದಲ್ಲೇ, ಮಾರಿದವರು ಏನೇ ಹೇಳಿರಲಿ, ಇಂಜಿನ್ ಆಯಿಲ್ ಮತ್ತು ಎಲ್ಲ ಫಿಲ್ಟರ್ ಬದಲಿಸಿ. ಡೀಸೆಲ್ ಆದರೆ ಡೀಸೆಲ್ ಫಿಲ್ಟರ್ ಜೊತೆಗೆ ಅದರ ತಳದ ನೀರನ್ನೂ ತೆಗೆಸಿ. ಅಧಿಕ ಒತ್ತಡದ ಪಂಪ್‌ಗೆ ಡೀಸೆಲ್ಲೇ ಜಿಡ್ಡು, ನೀರು ಹೊಕ್ಕರೆ ಅದರ ಲೋಹ ಉದುರಿ ಇಂಜೆಕ್ಟರ್‌ವರೆಗೆ ಹೋಗುತ್ತದೆ. ಟೈಮಿಂಗ್ ಬೆಲ್ಟ್ ಇರುವ ಇಂಜಿನ್‌ನಲ್ಲಿ ಬದಲಿಸಿದ ದಾಖಲೆ ಸಿಗದಿದ್ದರೆ ವಾಟರ್ ಪಂಪ್ ಸಮೇತ ಬೆಲ್ಟನ್ನು ಹೊಸದು ಹಾಕಿಸಿ. ಪೆಟ್ರೋಲ್ ಆದರೆ ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆಸಿ ನಾಲ್ಕರ ಬಣ್ಣವೂ ಒಂದೇ ಇದೆಯೇ ನೋಡಿ, ಕಂಪನಿ ಹೇಳಿದ ಆಕ್ಟೇನ್‌ನ ಪೆಟ್ರೋಲನ್ನೇ ಹಾಕಿಸಿ. ಆಯಿಲ್ ಬದಲಿಸಿದ ದಿನ ಕಡ್ಡಿಯ ಮೇಲಿನ ಮಟ್ಟವನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದು, ಮೀಟರಿನ ಅಂಕಿಯೊಂದಿಗೆ ಅದೇ ಹಳೆಯ ಪುಸ್ತಕದಲ್ಲಿ ಬರೆದಿಡಿ. ಸಾವಿರ ಕಿಲೋಮೀಟರ್ ಆದ ಮೇಲೆ ಮತ್ತೆ ಎಳೆದು ನೋಡಿ: ಪೆಟ್ರೋಲ್‌ನಲ್ಲಿ ಮಟ್ಟ ಇಳಿದಿದ್ದರೆ ಆಯಿಲ್ ಸುಡುತ್ತಿದೆ, ಡೀಸೆಲ್‌ನಲ್ಲಿ ಏರಿದ್ದರೆ ಮೊದಲು ಆಯಿಲ್ ಹೊಸದು ಹಾಕಿಸಿ, ಆಮೇಲೆ ಗಾಡಿಯನ್ನು ಹೆಬ್ಬಾಳು ಟೋಲ್ ದಾಟಿಸಿ ಚಿತ್ರದುರ್ಗದವರೆಗೆ ನಿಲ್ಲಿಸದೆ ಓಡಿಸಿಕೊಂಡು ಬನ್ನಿ.